ಯೆರೆವಾನ್‌ಗೆ ಹೊರಟವರು ರೊಟ್ಟಿ ಗಂಟು ಕಟ್ಟಿಕೊಳ್ಳಬೇಕಾ?

ಪ್ರಶ್ನೆ: ನಾವು ಶಾರ್ಜಾದಲ್ಲಿದ್ದೇವೆ, ಊರು ಗದಗ. ಅಕ್ಟೋಬರ್ ಮೊದಲ ವಾರ ಐದು ದಿನ ಅರ್ಮೇನಿಯಾದ ಯೆರೆವಾನ್‌ಗೆ ಹೋಗುತ್ತಿದ್ದೇವೆ. ನಾನು, ಯಜಮಾನರು, ಒಂಬತ್ತು ವರ್ಷದ ಮಗ, ಜೊತೆಗೆ ಊರಿಂದ ಬಂದಿರುವ ಅತ್ತೆ. ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹಾಲು, ಮೊಸರು, ಈರುಳ್ಳಿ, ಬೆಳ್ಳುಳ್ಳಿ ಎಲ್ಲ ಆಗುತ್ತೆ. ಯಜಮಾನರಿಗೆ ಎಲ್ಲವೂ ನಡೆಯುತ್ತೆ. ಅಲ್ಲಿನ ಬ್ರಾಂಡಿ ಹೆಸರುವಾಸಿ ಅಂತ ಬೇರೆ ಕೇಳಿಕೊಂಡು ಬಂದಿದ್ದಾರೆ. ಆದರೆ ಆ ಊರಲ್ಲಿ ಬರೀ ಮಾಂಸ ಅಂತಾರೆ. ಅತ್ತೆಗಾಗಿ ಐದು ದಿನದ ರೊಟ್ಟಿ, ರೆಡಿಮೇಡ್ ಪ್ಯಾಕೆಟ್ ಹೊತ್ತುಕೊಂಡು ಹೋಗಬೇಕಾ? ಎಲ್ಲಿ ತಿನ್ನೋದು, ಹೇಗೆ ಕೇಳೋದು?

ಉತ್ತರ: ಶೇಂಗಾ ಚಟ್ನಿಪುಡಿ ಒಂದು ಡಬ್ಬಿ ಇಟ್ಟುಕೊಳ್ಳಿ. ಬೇರೇನೂ ಬೇಡ. ರೊಟ್ಟಿಯಂತೂ ಬೇಡವೇ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಯೆರೆವಾನ್‌ನಲ್ಲಿ ಮೂರು ವರ್ಷ ಇದ್ದೆ. ಹುಟ್ಟಿದಾಗಿಂದ ಸಸ್ಯಾಹಾರಿ. ಬರೀ ಮಾಂಸ ಅಂತ ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ. ಸಂಜೆಯಾದರೆ ಅರ್ಧ ಊರು ಕೆಂಡದ ಮೇಲೆ ಸುಟ್ಟ ಹಂದಿ ಮಾಂಸದ ವಾಸನೆಯಲ್ಲಿ ಮುಳುಗಿರುತ್ತೆ. ಮೊದಲ ತಿಂಗಳು ನಾನೂ ಬ್ರೆಡ್ಡು, ಟೊಮ್ಯಾಟೊ, ಸೌತೆಕಾಯಿ ತಿಂದುಕೊಂಡು ದಿನ ತಳ್ಳಿದೆ. ‘ವೆಜಿಟೇರಿಯನ್’ ಅಂತ ಎಲ್ಲಿ ಹೇಳಿದರೂ ಸಲಾಡ್ ತಂದಿಡುತ್ತಿದ್ದರು. ಆಮೇಲೆ ಪಕ್ಕದ ಮನೆಯ ಅಜ್ಜಿಯಿಂದ ಒಂದು ಪದ ಕಲಿತೆ. ಅಲ್ಲಿಂದ ನನ್ನ ಊಟದ ದೆಸೆಯೇ ಬದಲಾಯಿತು.

ಆ ಪದ ‘ಪಸ್’.

ಪಸ್ ಅಂದರೆ ವ್ರತ. ಅರ್ಮೇನಿಯನ್ನರು ಬಹಳ ಹಳೆಯ ಕ್ರೈಸ್ತರು. ಈಸ್ಟರ್‌ಗೆ ಮುಂಚೆ ಏಳು ವಾರ ಅವರಿಗೆ ದೊಡ್ಡ ವ್ರತ. ಅದನ್ನು ಕಟ್ಟುನಿಟ್ಟಾಗಿ ಹಿಡಿದವರು ಮಾಂಸ, ಮೀನು, ಮೊಟ್ಟೆ, ಹಾಲು ಯಾವುದನ್ನೂ ತಿನ್ನುವುದಿಲ್ಲ. ಜನವರಿ 6ಕ್ಕೆ ಬರುವ ಅವರ ಕ್ರಿಸ್‌ಮಸ್‌ಗೆ ಮುಂಚೆಯೂ ಒಂದು ವಾರ ಹೀಗೇ. ನಮ್ಮಲ್ಲಿ ಶ್ರಾವಣಕ್ಕೆ ಮಾಂಸ ಬಿಡುವ ಮನೆಗಳಿವೆಯಲ್ಲ, ಆ ತಿಂಗಳು ಆ ಮನೆಯ ಹೆಂಗಸರು ಕಾಳು, ಸೊಪ್ಪಿನಲ್ಲಿ ಏನೇನು ಮಾಡಿ ಹಾಕುತ್ತಾರೆ ನೆನೆಸಿಕೊಳ್ಳಿ. ಅದೇ ಲೆಕ್ಕ. ಇವತ್ತು ಎಲ್ಲರೂ ವ್ರತ ಹಿಡಿಯುತ್ತಾರೆ ಅಂತಲ್ಲ. ಆದರೆ ವ್ರತದ ಅಡುಗೆ ಯಾವುದು ಅಂತ ಅಡುಗೆಮನೆಯಲ್ಲಿರುವ ಪ್ರತಿ ಹೆಂಗಸಿಗೂ ಗೊತ್ತು. ‘ವೆಜಿಟೇರಿಯನ್’ ಅಂದರೆ ಅವರಿಗೆ ಒಂದು ವಿದೇಶಿ ಫ್ಯಾಷನ್. ‘ಪಸ್’ ಅಂದರೆ ಅವರ ಅಜ್ಜಿ ನೆನಪಾಗುತ್ತಾಳೆ. ‘ಪಸ್ ಎಮ್ ಪಾಹುಮ್’ ಅಂದರೆ ‘ನಾನು ವ್ರತದಲ್ಲಿದ್ದೇನೆ’ ಅಂತ. ಅತ್ತೆಗೆ ಇದೊಂದು ವಾಕ್ಯ ಬಾಯಿಪಾಠ ಮಾಡಿಸಿ. ಅಕ್ಟೋಬರ್‌ನಲ್ಲಿ ಯಾವ ವ್ರತ ಅಂತ ಯಾರಾದರೂ ನಗಬಹುದು, ನಗಲಿ. ಒಂದು ಹೆಂಗಸು ಅಡುಗೆಮನೆಯಿಂದ ಎದ್ದು ಬಂದು ಏನೇನಿದೆ ಅಂತ ತಾನೇ ಎಣಿಸಿ ಹೇಳುತ್ತಾಳೆ.

ಹಾಗೆ ಕೇಳಿದಾಗ ಮೊದಲು ಬರುವುದು ಪಸೂತ್ಸ್ ತೋಲ್ಮಾ. ಮಾಮೂಲಿ ತೋಲ್ಮಾ ಅಂದರೆ ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಕೊಚ್ಚಿದ ಮಾಂಸ. ಅದು ಯಜಮಾನರಿಗೆ. ವ್ರತದ ತೋಲ್ಮಾದಲ್ಲಿ ಎಲೆಕೋಸಿನ ಎಲೆ. ಒಳಗೆ ಕಡಲೆಕಾಳು, ಅವರೆಯ ಜಾತಿಯ ಕಾಳು, ಬೇಳೆ, ಗೋಧಿ ನುಚ್ಚು. ಏಳು ಬಗೆಯ ಕಾಳು-ಧಾನ್ಯ ಹಾಕಬೇಕು ಅನ್ನುವ ಮನೆಗಳಿವೆ. ಹುಳಿಗೆ ಒಣಗಿದ ಹಣ್ಣು. ಇದನ್ನು ತಣ್ಣಗೇ ತಿನ್ನುತ್ತಾರೆ, ‘ಆರಿ ಹೋಗಿದೆ, ಬಿಸಿ ಮಾಡಿ’ ಅಂತ ವಾಪಸು ಕಳಿಸಬೇಡಿ. ಮೊದಲ ತುತ್ತಿಗೆ ಸಪ್ಪೆ ಅನಿಸುತ್ತೆ. ನಿಮ್ಮ ಚಟ್ನಿಪುಡಿ ಡಬ್ಬಿ ತೆಗೆಯಬೇಕಾದ್ದು ಆಗಲೇ.

ಈಗ ಜೆಂಗ್ಯಾಲೊವ್ ಹಾತ್ಸ್. ನನ್ನ ಮಟ್ಟಿಗೆ ಆ ಊರಿನ ಅತಿ ರುಚಿಯಾದ ತಿಂಡಿ ಇದೇ. ಇದನ್ನು ಮಾಡುವುದನ್ನು ಅತ್ತೆ ಎದುರಿಗೆ ನಿಂತು ನೋಡಲೇಬೇಕು. ಮೊವ್ಸೆಸ್ ಖೊರೆನಾತ್ಸಿ ರಸ್ತೆಯಲ್ಲಿ ಗುಮ್ ಮಾರ್ಕೆಟ್ ಇದೆ. ಟ್ಯಾಕ್ಸಿಯವರಿಗೆ ‘ಗುಮಿ ಶುಕಾ’ ಅಂದರೆ ಸಾಕು. ಅಲ್ಲಿ ಮೂಲೆಯೊಂದರಲ್ಲಿ ಹೆಂಗಸರು ಎದುರಿಗೆ ಸೊಪ್ಪಿನ ಗುಡ್ಡೆ ಹಾಕಿಕೊಂಡು ಕೂತಿರುತ್ತಾರೆ. ಪಾಲಕ್, ಬೀಟ್‌ರೂಟ್ ಎಲೆ, ಕೊತ್ತಂಬರಿ, ಈರುಳ್ಳಿ ಸೊಪ್ಪು, ಇನ್ನು ಹೆಸರು ಗೊತ್ತಿಲ್ಲದ ಕಾಡು ಸೊಪ್ಪು ನಾಲ್ಕೈದು. ಎಲ್ಲ ಸೇರಿ ಹತ್ತಕ್ಕೆ ಕಡಿಮೆ ಇರುವುದಿಲ್ಲ. ಸಣ್ಣಗೆ ಹೆಚ್ಚಿ, ಉಪ್ಪು ಎಣ್ಣೆ ಹಾಕಿ ಕಲಸುತ್ತಾರೆ. ಹಿಟ್ಟನ್ನು ಪೂರಿಗಿಂತ ದೊಡ್ಡದಾಗಿ, ತೆಳ್ಳಗೆ ಲಟ್ಟಿಸಿ, ನಡುವೆ ಸೊಪ್ಪನ್ನು ಎರಡು ಮುಷ್ಟಿ ತುಂಬುತ್ತಾರೆ. ಕರಿಗಡುಬಿನ ಹಾಗೆ ಎರಡೂ ಅಂಚು ಮೇಲೆ ಸೇರಿಸಿ ಚಿವುಟುತ್ತಾರೆ. ಆಮೇಲೆ ಮಗುಚಿ ಹಾಕಿ, ಅಂಗೈಯಿಂದ ಒತ್ತಿ ಒತ್ತಿ ಹೋಳಿಗೆಯಷ್ಟು ಚಪ್ಪಟೆ ಮಾಡಿ, ಕಾದ ಹಂಚಿನ ಮೇಲೆ ಬೇಯಿಸುತ್ತಾರೆ. ಹಿಟ್ಟು ಎಷ್ಟು ತೆಳು ಅಂದರೆ ಒಳಗಿನ ಹಸಿರು ಹೊರಗೆ ಕಾಣುತ್ತೆ. ಮೊಟ್ಟೆ ಇಲ್ಲ, ಹಾಲಿಲ್ಲ, ಮಾಂಸದ ಸುಳಿವೇ ಇಲ್ಲ. ಒಂದು ತಿಂದರೆ ಒಂದು ಹೊತ್ತಿನ ಊಟ.

ಇದು ಮೂಲತಃ ಯೆರೆವಾನಿನದ್ದಲ್ಲ, ಆರ್ಟ್ಸಾಖ್ ಅಂತ ಅವರು ಕರೆಯುವ ನಾಗೊರ್ನೊ ಕರಾಬಾಖ್‌ನ ತಿಂಡಿ. 2023ರ ಸೆಪ್ಟೆಂಬರ್‌ನಲ್ಲಿ ಅಜರ್‌ಬೈಜಾನ್ ಸೇನೆ ದಾಳಿ ಮಾಡಿದಾಗ ಅಲ್ಲಿಂದ ಒಂದು ಲಕ್ಷಕ್ಕೂ ಜಾಸ್ತಿ ಅರ್ಮೇನಿಯನ್ನರು ಮನೆಮಠ ಬಿಟ್ಟು ಬಂದರು. ಬಂದವರಲ್ಲಿ ಎಷ್ಟೋ ಹೆಂಗಸರಿಗೆ ಈ ಸೊಪ್ಪಿನ ರೊಟ್ಟಿಯೇ ದುಡಿಮೆಯಾಯಿತು. ಹಂಚಿನ ಮುಂದೆ ಕೂತವರ ಹತ್ತಿರ ಯಾವ ಊರು ಅಂತ ಕೇಳುವುದಿದ್ದರೆ ಸ್ವಲ್ಪ ನೋಡಿಕೊಂಡು ಕೇಳಿ.

ಇನ್ನು ನಿಮ್ಮ ರೊಟ್ಟಿ ಗಂಟಿನ ವಿಷಯ. ಅರ್ಮೇನಿಯಾದ ಲವಾಶ್ ಅಂದರೆ ಹಿಟ್ಟು, ನೀರು, ಉಪ್ಪು, ಅಷ್ಟೇ. ನೆಲದಲ್ಲಿ ಹೂತ ತೋನಿರ್ ಅನ್ನುವ ಮಣ್ಣಿನ ಒಲೆಯ ಗೋಡೆಗೆ ಬಡಿದು ಬೇಯಿಸುತ್ತಾರೆ. ಹಿಟ್ಟನ್ನು ಕೈಯಲ್ಲಿ ತೂರಿ ತೂರಿ ಟವೆಲಿನಷ್ಟು ಉದ್ದ ಮಾಡಿ, ದಿಂಬಿನಂಥ ಒಂದು ಹಲಗೆಗೆ ಎಳೆದು ಹೊದಿಸಿ, ಆ ದಿಂಬಿನಿಂದಲೇ ಗೋಡೆಗೆ ಬಡಿಯುವುದು. ನೋಡುನೋಡುತ್ತಿದ್ದಂತೆ ಬೆಂದಿರುತ್ತೆ. 2014ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಅದಿರಲಿ, ನಿಮ್ಮ ಅತ್ತೆಗೆ ಇಷ್ಟವಾಗುವುದು ಬೇರೆಯೇ. ಹಳ್ಳಿಯ ಕಡೆ ಲವಾಶ್ ಅನ್ನು ಒಣಗಿಸಿ, ಒಂದರ ಮೇಲೊಂದು ಪೇರಿಸಿ ತಿಂಗಳುಗಟ್ಟಲೆ ಇಡುತ್ತಾರೆ. ಬೇಕಾದಾಗ ನೀರು ಚಿಮುಕಿಸಿ, ಬಟ್ಟೆ ಮುಚ್ಚಿಟ್ಟರೆ ಮತ್ತೆ ಮೆತ್ತಗಾಗುತ್ತೆ. ಗದಗಿನವರಿಗೆ ಇದನ್ನು ವಿವರಿಸಬೇಕಾ? ಖಡಕ್ ರೊಟ್ಟಿ ಹೊತ್ತುಕೊಂಡು ಖಡಕ್ ರೊಟ್ಟಿಯ ಊರಿಗೆ ಹೋಗುವುದು ಸುಮ್ನೆ ಲಗೇಜ್ ಭಾರ.

ಲವಾಶ್ ಜೊತೆಗೆ ಎರಡು ಪದಾರ್ಥ ಕೇಳಿ: ‘ಪಾನೀರ್’ ಮತ್ತು ‘ಕನಾಚಿ’. ಅವರ ಭಾಷೆಯಲ್ಲಿ ಚೀಸ್‌ಗೆ ಪಾನೀರ್ ಅಂತಲೇ ಹೆಸರು. ನಮ್ಮ ಪನೀರ್‌ನಂತೆ ಸಪ್ಪೆ ಅಲ್ಲ, ಉಪ್ಪುನೀರಿನಲ್ಲಿ ಇಟ್ಟದ್ದು, ಬಾಯಿ ಚುರ್ ಅನ್ನುವಷ್ಟು ಉಪ್ಪು. ಕನಾಚಿ ಅಂದರೆ ಹಸಿ ಸೊಪ್ಪಿನ ತಟ್ಟೆ. ಕೊತ್ತಂಬರಿ, ನೇರಳೆ ಬಣ್ಣದ ಕಾಮಕಸ್ತೂರಿಯಂಥ ರೆಹಾನ್, ಟ್ಯಾರಗನ್, ಈರುಳ್ಳಿ ಸೊಪ್ಪು. ಲವಾಶ್ ಹರಿದು, ಪಾನೀರ್ ಪುಡಿ ಮಾಡಿ, ಸೊಪ್ಪು ಇಟ್ಟು ಸುರುಳಿ ಸುತ್ತಿದರೆ ಅದೇ ‘ಬೃದುಚ್’. ಅಲ್ಲಿನ ಮಕ್ಕಳು ಇದನ್ನು ಕೈಯಲ್ಲಿ ಹಿಡಿದೇ ಬೆಳೆಯುತ್ತಾರೆ. ಒಂದು ಎಚ್ಚರ: ಚೀಸ್‌ಗಾಗಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದುಂಟು. ಅತ್ತೆ ಅಷ್ಟು ನೋಡುವವರಾದರೆ ಪಾನೀರ್ ಬಿಟ್ಟು ಮತ್ಸೂನ್ ತೆಗೆದುಕೊಳ್ಳಿ. ಮತ್ಸೂನ್ ಅಂದರೆ ನಮ್ಮ ಮೊಸರು, ಗಟ್ಟಿಯಾಗಿ, ಸ್ವಲ್ಪ ಹುಳಿಯಾಗಿ. ಅದಕ್ಕೆ ನೀರು, ಉಪ್ಪು ಹಾಕಿದರೆ ‘ತಾನ್’, ಅಂದರೆ ಮಜ್ಜಿಗೆ. ಅಂಗಡಿಯ ಬಾಟಲಿಯಲ್ಲಿ ಗ್ಯಾಸ್ ತುಂಬಿದ ತಾನ್ ಕೂಡ ಇರುತ್ತೆ. ಸೋಡಾ ಮಜ್ಜಿಗೆ! ಅತ್ತೆಗೆ ಹೇಳದೆ ಕೊಡಬೇಡಿ.

ಮತ್ಸೂನ್ ಮಾತು ಬಂದಾಗ ಮೋಸ ಹೋಗುವ ಜಾಗಗಳನ್ನೂ ಹೇಳಿಬಿಡುತ್ತೇನೆ. ‘ಸ್ಪಾಸ್’ ಅಂತ ಒಂದು ಸೂಪ್ ಇದೆ. ಮೊಸರು ಕಾಯಿಸಿ, ಗೋಧಿ ಹಾಕಿ, ಕೊತ್ತಂಬರಿ ಉದುರಿಸಿ ಕೊಡುತ್ತಾರೆ. ನೋಡಲು ನಮ್ಮ ಮಜ್ಜಿಗೆ ಸಾರಿನ ಅಕ್ಕ. ನನ್ನ ಸ್ನೇಹಿತರೊಬ್ಬರ ತಾಯಿ ಬಂದಾಗ ನಾನೇ ಮುಂದೆ ನಿಂತು ಆರ್ಡರ್ ಮಾಡಿದ್ದೆ. ಅರ್ಧ ಬಟ್ಟಲು ಖುಷಿಯಾಗಿ ಕುಡಿದರು. ಬಡಿಸಿದ ಹುಡುಗಿಯನ್ನು ಇದು ಒಡೆಯದ ಹಾಗೆ ಹೇಗೆ ಕಾಯಿಸುತ್ತೀರಿ ಅಂತ ಸುಮ್ನೆ ಕೇಳಿದೆ. ಮೊಟ್ಟೆ ಮತ್ತು ಹಿಟ್ಟು ಕದಡುತ್ತೇವೆ ಅಂದಳು. ಆ ಮೇಜಿನಲ್ಲಿ ಮತ್ತೆ ಮಾತೇ ಇಲ್ಲ. ಮೊಟ್ಟೆ ಇಲ್ಲದೆ ಮಾಡುವವರೂ ಇದ್ದಾರೆ, ಆದರೆ ಕೇಳದೆ ಕುಡಿಯಬೇಡಿ. ಹುರುಳಿಕಾಯಿ ಪಲ್ಯದ ಮೇಲೂ ಮೊಟ್ಟೆ ಒಡೆದು ಹಾಕುವುದು ಮಾಮೂಲಿ. ‘ತರಕಾರಿ ಸೂಪ್’ ಮಾಂಸ ಬೇಯಿಸಿದ ನೀರಿನಲ್ಲೇ ಮಾಡಿದ್ದಿರಬಹುದು. ‘ಮಿಸ್ ಚ್ಕಾ’, ಮಾಂಸ ಇಲ್ಲ, ಅಂತ ಅವರು ಹೇಳುವುದು ತುಂಡು ಇಲ್ಲ ಅನ್ನುವ ಅರ್ಥದಲ್ಲಿ. ಇನ್ನು ಹರಿಸಾ ನೋಡಲು ಗೋಧಿ ಪಾಯಸದ ಹಾಗೆ ಇರುತ್ತೆ, ಒಳಗೆ ಕೋಳಿ ಕರಗಿ ಹೋಗಿರುತ್ತೆ.

ಹಾಗಾಗಿ ನಾಲ್ಕು ಪದ ಕಲಿತುಕೊಳ್ಳಿ. ಮಗನಿಗೆ ಈ ಕೆಲಸ ಕೊಡಿ, ಒಂದೇ ದಿನದಲ್ಲಿ ಕಲಿಯುತ್ತಾನೆ, ಯಾಕಂದರೆ ಅರ್ಮೇನಿಯನ್ ಭಾಷೆಯಲ್ಲಿ ಕೋಳಿಗೆ ‘ಹಾವ್’ ಅಂತಾರೆ. ಮೆನು ನೋಡಿ ‘ಅಮ್ಮಾ, ಇಲ್ಲಿ ಹಾವು ಸಿಗುತ್ತೆ’ ಅಂತ ಐದು ದಿನವೂ ಕೂಗುತ್ತಾನೆ. ಮಾಂಸ ‘ಮಿಸ್’. ಮೊಟ್ಟೆ ‘ಡ್ಜು’, ಮೀನು ‘ಡ್ಜುಕ್’. ಕೊನೆಯ ಎರಡು ಒಂದೇ ಥರ ಕೇಳಿಸುತ್ತವೆ, ಸ್ಪಷ್ಟವಾಗಿ ಹೇಳಿ. ‘ಅರಾಂತ್ಸ್’ ಅಂದರೆ ಇಲ್ಲದೆ. ‘ಅರಾಂತ್ಸ್ ಮಿಸ್’ ಅಂತ ಹೇಳಿ ಸುಮ್ಮನಾಗಬೇಡಿ, ಹಾವ್ ಬೇಡ ಅಂತ ಬೇರೆಯಾಗಿ ಹೇಳಿ. ಕೋಳಿಯನ್ನು ಮಾಂಸದ ಲೆಕ್ಕಕ್ಕೆ ಸೇರಿಸದವರು ಅಲ್ಲಿ ಜಾಸ್ತಿ. ಬಿಲ್ ಬೇಕಾದಾಗ ‘ಹಾಶಿವ್’. ನಮ್ಮ ಹಿಸಾಬಿನ ಹಾಗೇ ಕೇಳಿಸುತ್ತಲ್ವಾ? ಥ್ಯಾಂಕ್ಸ್‌ಗೆ ಅವರದ್ದೇ ಪದ ಒಂದು ಮೈಲಿ ಉದ್ದ ಇದೆ, ಅವರೂ ‘ಮೆರ್ಸಿ’ ಅಂದುಬಿಡುತ್ತಾರೆ.

ಎಲ್ಲಿ ಕೂರುವುದು ಅನ್ನುವುದಕ್ಕೆ ಮುಂಚೆ ಒಂದು ವಿಷಯ ತಿಳಿದಿರಲಿ. ಯೆರೆವಾನ್‌ನಲ್ಲಿ ಎರಡು ಅಡುಗೆ ಇವೆ. ಒಂದು ಅಲ್ಲಿಯದೇ ಬೆಟ್ಟದ ಅಡುಗೆ: ಖೊರೊವಾತ್ಸ್, ಖಾಶ್, ಅವೆಲುಕ್, ಲವಾಶ್. ಇನ್ನೊಂದು ಪಶ್ಚಿಮದ ಅರ್ಮೇನಿಯನ್ನರದ್ದು. 1915ರಲ್ಲಿ ಒಟ್ಟೋಮನ್ ತುರ್ಕಿಯಲ್ಲಿ ನಡೆದ ನರಮೇಧದಲ್ಲಿ ಉಳಿದು ಅಲೆಪ್ಪೊ, ಬೈರೂತ್ ಕಡೆ ಚೆದುರಿ ಹೋದವರ ಮನೆಯ ಅಡುಗೆ. ಅವರಲ್ಲಿ ಹಲವರು 1946ರ ನಂತರ ಸೋವಿಯತ್ ಅರ್ಮೇನಿಯಾಕ್ಕೆ ವಾಪಸು ಬಂದರು. ಸಿರಿಯಾದಲ್ಲಿ 2011ರಲ್ಲಿ ಗಲಾಟೆ ಶುರುವಾದ ಮೇಲೆ ಅಲೆಪ್ಪೊದಿಂದ ಇನ್ನಷ್ಟು ಜನ ಬಂದರು, ಬಂದು ಹೋಟೆಲ್ ತೆರೆದರು. ಸಸ್ಯಾಹಾರಿಗಳಿಗೆ ಈ ಎರಡನೇ ಅಡುಗೆ ಹೆಚ್ಚು ಹೊಂದುತ್ತೆ. ಹಮ್ಮಸ್, ಫಲಾಫೆಲ್ ನಿಮಗೆ ಶಾರ್ಜಾದಲ್ಲೇ ಬೇಸರ ಬಂದಿರಬಹುದು, ಅದನ್ನು ಬಿಡಿ. ಕೆಂಪು ಮೆಣಸಿನಕಾಯಿ, ಆಕ್ರೋಟ್ ರುಬ್ಬಿದ ಮುಹಮ್ಮರಾ ತೆಗೆದುಕೊಳ್ಳಿ. ‘ಈಚ್’ ಕೇಳಿ. ಗೋಧಿ ನುಚ್ಚನ್ನು ಟೊಮ್ಯಾಟೊ, ಈರುಳ್ಳಿಯಲ್ಲಿ ನೆನೆಸಿ ಮಾಡಿದ್ದು. ತಣ್ಣಗಿನ ಟೊಮ್ಯಾಟೊ ಉಪ್ಪಿಟ್ಟು ಅಂತ ಹೇಳಿ ಕೊಟ್ಟರೆ ಅತ್ತೆ ನಂಬುತ್ತಾರೆ. ಮಗ, ಯಜಮಾನರಿಗೆ ಅಲ್ಲೇ ಲಹ್ಮಾಜುನ್, ಕಾಗದದಷ್ಟು ತೆಳು ರೊಟ್ಟಿಯ ಮೇಲೆ ಕೊಚ್ಚಿದ ಮಾಂಸ ಹಚ್ಚಿ ಸುಟ್ಟದ್ದು. ನಿಂಬೆ ಹಿಂಡಿ, ಮಡಚಿ ತಿನ್ನುವುದು. ತುಮನ್ಯಾನ್ ರಸ್ತೆಯ ‘ಮೇರ್ ತಾಘೆ’ ಇದಕ್ಕೆ ಹೆಸರಾದ ಜಾಗ.

ಬೆಟ್ಟದ ಅಡುಗೆಗೆ ಊರ ನಡುವೆಯೇ ಇರುವ ‘ಲವಾಶ್’, ‘ಶೆರೆಪ್’ ಎರಡೂ ಕುಟುಂಬ ಸಮೇತ ಹೋಗುವುದಕ್ಕೆ ಚೆನ್ನ. ಶೆರೆಪ್ ಅಂದರೆ ಸೌಟು. ಶುಕ್ರವಾರ, ಶನಿವಾರ ರಾತ್ರಿ ಮೊದಲೇ ಹೇಳಿಟ್ಟು ಹೋಗಿ. ಪುಶ್ಕಿನ್ ರಸ್ತೆಯ ‘ದೋಲ್ಮಾಮಾ’ 1998ರಿಂದ ಇದೆ, ಒಂದು ರಾತ್ರಿ ಜಾಸ್ತಿ ಖರ್ಚು ಮಾಡುವ ಮನಸ್ಸಿದ್ದರೆ ಹೋಗಬಹುದು. ಇಲ್ಲಿ ಅವೆಲುಕ್ ಇದೆಯಾ ಕೇಳಿ. ಅದು ನಮ್ಮ ಚುಕ್ಕೆ ಸೊಪ್ಪಿನ ಜಾತಿಯ ಕಾಡು ಸೊಪ್ಪು. ವಸಂತದಲ್ಲಿ ಕಿತ್ತು ಹೆಣ್ಣುಮಕ್ಕಳ ಜಡೆಯ ಹಾಗೆ ಹೆಣೆದು ಒಣಗಿಸುತ್ತಾರೆ. ಮಾರ್ಕೆಟ್‌ನಲ್ಲಿ ಆ ಜಡೆಗಳು ನೇತಾಡುವುದನ್ನು ನೋಡುತ್ತೀರಿ. ನೆನೆಸಿ, ಬೇಯಿಸಿ, ಬೆಳ್ಳುಳ್ಳಿ, ಆಕ್ರೋಟ್ ಹಾಕಿ ಕೊಡುತ್ತಾರೆ. ಸ್ವಲ್ಪ ಕಹಿ, ಸ್ವಲ್ಪ ಮಣ್ಣಿನ ವಾಸನೆ. ನನಗೆ ಪ್ರಾಣ. ಎಲ್ಲರಿಗೂ ಹಿಡಿಸುತ್ತೆ ಅಂತ ಹೇಳಲಾರೆ.

ಖೊರೊವಾತ್ಸ್ ಬಗ್ಗೆ ನನ್ನ ನಾಲಗೆಯನ್ನಲ್ಲ, ಸ್ನೇಹಿತರ ಮಾತನ್ನು ನಂಬಿ. ಉದ್ದನೆಯ ಕಂಬಿಗೆ ದಪ್ಪ ದಪ್ಪ ತುಂಡು ಚುಚ್ಚಿ ಕೆಂಡದ ಮೇಲೆ ಸುಡುತ್ತಾರೆ. ಉರಿ ಕಾಣಬಾರದು, ಬರೀ ಕೆಂಡ ಇರಬೇಕು. ದ್ರಾಕ್ಷಿ ಬಳ್ಳಿಯ ಕಟ್ಟಿಗೆ ಆದರೆ ಶ್ರೇಷ್ಠ ಅಂತಾರೆ. ಏನೂ ಹೇಳದಿದ್ದರೆ ಬರುವುದು ಹಂದಿ. ಯಜಮಾನರಿಗೆ ಅದು ಬೇಡವಾದರೆ ಕುರಿ ಅಥವಾ ಕೋಳಿ ಅಂತ ಮೊದಲೇ ಹೇಳಬೇಕು. ಪ್ರೊಶ್ಯಾನ್ ರಸ್ತೆ ಇದಕ್ಕೇ ಮೀಸಲು ಅನ್ನುವ ಹಾಗೆ ಇದೆ. ಅದೇ ಕಂಬಿಗೆ ಬದನೆಕಾಯಿ, ಟೊಮ್ಯಾಟೊ, ದಪ್ಪ ಮೆಣಸಿನಕಾಯಿ ಚುಚ್ಚಿ ಸುಟ್ಟು, ಸಿಪ್ಪೆ ಸುಲಿದು, ಕೊಚ್ಚಿ ಕೊಡುವುದೂ ಉಂಟು. ಅದು ಅಪ್ಪಟ ಸುಟ್ಟ ಬದನೆಕಾಯಿ ಗೊಜ್ಜು, ಬಹಳ ರುಚಿ. ಆದರೆ ಅದೇ ಕೆಂಡ, ಅದೇ ಕಂಬಿ. ಅತ್ತೆಗೆ ಹೇಳಿ, ಅವರೇ ತೀರ್ಮಾನ ಮಾಡಲಿ. ನೀವು ಮುಚ್ಚಿಟ್ಟು ಆಮೇಲೆ ಗೊತ್ತಾಗುವುದು ಬೇಡ. ಖಾಶ್ ಅನ್ನುವುದು ದನದ ಕಾಲನ್ನು ರಾತ್ರಿಯಿಡೀ ಬೇಯಿಸಿದ ಸಾರು, ಚಳಿಗಾಲದ ಬೆಳಗಿನ ಊಟ. ಐದು ದಿನದಲ್ಲಿ ಅದರ ತಂಟೆಗೆ ಹೋಗದಿದ್ದರೂ ನಷ್ಟವಿಲ್ಲ.

ಬೆಳಗಿನ ತಿಂಡಿಯೇ ತೊಂದರೆ. ಆರಕ್ಕೆ ಎದ್ದು ಏಳಕ್ಕೆ ತಿಂಡಿ ಕೇಳುವವರಿಗೆ ಆ ಊರು ಸರಿಹೋಗುವುದಿಲ್ಲ. ಎಷ್ಟೋ ಕಡೆ ಬಾಗಿಲು ತೆಗೆಯುವುದೇ ಒಂಬತ್ತು, ಹತ್ತಕ್ಕೆ. ಹಿಂದಿನ ಸಂಜೆಯೇ ಲವಾಶ್, ಮತ್ಸೂನ್, ಹಣ್ಣು ತಂದು ರೂಮಿನಲ್ಲಿ ಇಟ್ಟುಕೊಳ್ಳಿ. ಲವಾಶ್, ಮೊಸರು, ಶೇಂಗಾ ಪುಡಿ ಇದ್ದರೆ ಅತ್ತೆ ಗದಗಿನಲ್ಲೇ ಇದ್ದಂತೆ. ರಾತ್ರಿ ಮಾತ್ರ ಊರು ಮಲಗುವುದೇ ಇಲ್ಲ. ಒಪೆರಾ ಸುತ್ತಲಿನ ಬಯಲು ಕೆಫೆಗಳಲ್ಲಿ ಹನ್ನೊಂದಕ್ಕೂ ಮಕ್ಕಳು ಓಡಾಡಿಕೊಂಡಿರುತ್ತಾರೆ. ಕಾಫಿಗೆ ‘ಸೂರ್ಚ್’ ಅಂತಾರೆ. ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ಪುಡಿ ಸಮೇತ ಉಕ್ಕಿಸಿ, ಸೋಸದೆ ಬಗ್ಗಿಸಿ ಕೊಡುತ್ತಾರೆ. ಸಕ್ಕರೆ ಎಷ್ಟು ಅಂತ ಮೊದಲೇ ಹೇಳಬೇಕು, ಆಮೇಲೆ ಕಲಕಿದರೆ ಗಸಿ ಎದ್ದು ಬಾಯಿಗೆ ಬರುತ್ತೆ. ಹಾಲು ಇಲ್ಲ. ಫಿಲ್ಟರ್ ಕಾಫಿ ಅಂತ ಹಂಬಲಿಸುವವರು ಊರಿಂದ ಪುಡಿ ತರುವುದು ಕ್ಷೇಮ. ಕುಡಿದ ಮೇಲೆ ಕಪ್ಪನ್ನು ಬೋರಲು ಹಾಕಿ, ಗಸಿ ನೋಡಿ ಭವಿಷ್ಯ ಹೇಳುವ ಅಜ್ಜಿಯರು ಇನ್ನೂ ಇದ್ದಾರೆ.

ಕುಡಿಯುವ ನೀರಿಗೆ ದುಡ್ಡು ಕೊಡಬೇಡಿ. ರಸ್ತೆ ಬದಿಯಲ್ಲಿ ಸೊಂಟದೆತ್ತರದ ಕಲ್ಲಿನ ಕಾರಂಜಿಗಳಿವೆ, ಹಗಲೂ ರಾತ್ರಿ ತಣ್ಣಗಿನ ನೀರು ಚಿಮ್ಮುತ್ತಿರುತ್ತೆ. ‘ಪುಲ್ಪುಲಾಕ್’ ಅಂತ ಹೆಸರು. ಎಷ್ಟೋ ಪುಲ್ಪುಲಾಕ್‌ಗಳನ್ನು ತೀರಿಕೊಂಡವರ ನೆನಪಿಗೆ ಮನೆಯವರು ಕಟ್ಟಿಸಿದ್ದು. ನಮ್ಮ ಅರವಟ್ಟಿಗೆಯೇ ಅಲ್ವಾ? ಬಾಟಲಿ ಹಿಡಿದು ನಡೆಯಿರಿ. ಬಗ್ಗಿ ಬಾಯಿಟ್ಟು ಕುಡಿಯಲು ಮಗನಿಗೆ ಬಿಡಿ, ಶರ್ಟು ನೆನೆಯುತ್ತೆ, ಪರವಾಗಿಲ್ಲ.

ಗುಮ್ ಮಾರ್ಕೆಟ್‌ಗೆ ಹೋಗಿ ಅಂದೆನಲ್ಲ, ಅಲ್ಲಿ ಇನ್ನೊಂದು ಗುಂಡಿ ಇದೆ. ‘ಸುಜುಖ್’ ಅನ್ನುವ ಹೆಸರಿನಲ್ಲಿ ಎರಡು ಪದಾರ್ಥ ಸಿಗುತ್ತವೆ. ಒಂದು ಸಿಹಿ: ಆಕ್ರೋಟ್ ಚೂರುಗಳನ್ನು ದಾರಕ್ಕೆ ಪೋಣಿಸಿ, ದ್ರಾಕ್ಷಿ ರಸದ ಪಾಕದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿದ್ದು. ಇನ್ನೊಂದು ಮಸಾಲೆ ತುಂಬಿ ಒಣಗಿಸಿದ ಗೋಮಾಂಸ. ಎರಡೂ ಕಂದು ಬಣ್ಣ, ಎರಡೂ ಹಗ್ಗದ ಹಾಗೆ ನೇತಾಡುತ್ತವೆ. ಮೊದಲ ವಾರ ನಾನು ‘ಸುಜುಖ್’ ಅಂತ ಮಾತ್ರ ಕೇಳಿದೆ, ಅಂಗಡಿಯಾಕೆ ಪ್ರೀತಿಯಿಂದ ಒಂದು ಚೂರು ಕತ್ತರಿಸಿ ಕೈಗಿಟ್ಟಳು. ಮೂಗಿನ ಹತ್ತಿರ ತಂದಾಗ ಮೆಂತ್ಯದ ವಾಸನೆ ಬಂತು, ಅದರಿಂದ ಬಚಾವಾದೆ. ‘ಕಘ್ತ್ಸರ್ ಸುಜುಖ್’, ಸಿಹಿ ಸುಜುಖ್, ಅಂತ ಪೂರ್ತಿ ಹೇಳಿ. ನಾಲಗೆ ಹೊರಳದಿದ್ದರೆ ಒಣಹಣ್ಣಿನ ಸಾಲಿನಲ್ಲೇ ನಿಂತು ಕೊಳ್ಳಿ, ಮಾಂಸದ ಸಾಲಿಗೆ ಹೋಗಲೇಬೇಡಿ. ಒಣ ಪೀಚ್ ಒಳಗೆ ಆಕ್ರೋಟ್, ಸಕ್ಕರೆ ತುಂಬಿದ ‘ಅಲಾನಿ’ ಕೂಡ ಅಲ್ಲೇ. ರುಚಿ ನೋಡಲು ಎಲ್ಲರೂ ಕೊಡುತ್ತಾರೆ, ಹಾಗಾಗಿ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ. ತಾಜಾ ಏಪ್ರಿಕಾಟ್ ಮಾತ್ರ ಅಕ್ಟೋಬರ್‌ನಲ್ಲಿ ಇರುವುದಿಲ್ಲ, ಅದು ಜೂನ್-ಜುಲೈ ಹಣ್ಣು. ನಿಮಗೆ ದಾಳಿಂಬೆ, ದ್ರಾಕ್ಷಿ ಸಿಗುತ್ತೆ.

ಈಗ ಯಜಮಾನರ ವಿಷಯ. ಶಾರ್ಜಾದಲ್ಲಿ ಮದ್ಯ ಮಾರುವುದೇ ಇಲ್ಲವಲ್ಲ, ಅವರ ಉತ್ಸಾಹ ಅರ್ಥವಾಗುತ್ತೆ. ಯೆರೆವಾನ್ ಬ್ರಾಂಡಿ ಕಂಪನಿ ಶುರುವಾದದ್ದು 1887ರಲ್ಲಿ. ‘ಅರಾರಾತ್’ ಅವರದೇ. ಹ್ರಾಜ್ದಾನ್ ಕಣಿವೆಯ ಮೇಲೆ ಕೋಟೆಯ ಹಾಗೆ ಕಾಣುವ ಕಟ್ಟಡ. ಮೊದಲೇ ಬುಕ್ ಮಾಡಿದರೆ ಒಳಗೆ ತೋರಿಸಿ, ಕೊನೆಗೆ ರುಚಿ ನೋಡಲು ಕೊಡುತ್ತಾರೆ. ಚರ್ಚಿಲ್‌ಗೆ ಈ ಬ್ರಾಂಡಿ ಪೆಟ್ಟಿಗೆಗಟ್ಟಲೆ ಹೋಗುತ್ತಿತ್ತು ಅನ್ನುವ ಕತೆ ಎಲ್ಲರೂ ಹೇಳುತ್ತಾರೆ. ಕತೆ ಅಂತಲೇ ಕೇಳಿ. ಅಲ್ಲಿ ನನಗೆ ನೆನಪಿರುವುದು ‘ಶಾಂತಿಯ ಪೀಪಾಯಿ’. ಕರಾಬಾಖ್ ಜಗಳ ಬಗೆಹರಿದ ದಿನ ತೆರೆಯುವುದು ಅಂತ 2001ರಲ್ಲಿ ಇಟ್ಟದ್ದು. ಬೇಕಾದರೆ ಹತ್ತು ವರ್ಷದ ‘ಅಖ್ತಮಾರ್’ ಕೊಂಡು ತರಲಿ. ಅದಕ್ಕೆ ಸೋಡಾ ಬೆರೆಸಿದರೆ ಅಲ್ಲಿನವರ ಮುಖ ನೋಡಬೇಕು. ಜೊತೆಗೆ ಚಾಕೊಲೇಟ್, ಒಣ ಏಪ್ರಿಕಾಟ್ ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುವುದು ಅವರ ಪದ್ಧತಿ.

ನನ್ನನ್ನು ಕೇಳಿದರೆ ಬ್ರಾಂಡಿಗಿಂತ ವೈನ್ ಮೇಲು. ಸರ್ಯಾನ್ ರಸ್ತೆ ಪೂರ್ತಿ ವೈನ್ ಅಂಗಡಿ, ವೈನ್ ಬಾರ್. ಆ ರಸ್ತೆಯ ‘ಇನ್ ವೀನೋ’ ಊರಿಗೆ ಈ ವೈನ್ ಬಾರ್ ಗೀಳು ಹಚ್ಚಿದವುಗಳಲ್ಲಿ ಒಂದು. ಕೆಂಪಿಗೆ ‘ಅರೇನಿ’ ದ್ರಾಕ್ಷಿ, ಬಿಳಿಗೆ ‘ವೋಸ್ಕೆಹಾತ್’. ಎರಡು ಹೆಸರು ಗೊತ್ತಿದ್ದರೆ ಸಾಕು. ದಾಳಿಂಬೆ ವೈನ್ ಅಂತ ಬಣ್ಣದ ಬಾಟಲಿ ಎಲ್ಲ ಕಡೆ ಕಣ್ಣಿಗೆ ಬೀಳುತ್ತೆ, ಬಹುಪಾಲು ಸಿಹಿ ಪಾನಕ. ‘ಓಘಿ’ ಹಿಪ್ಪುನೇರಳೆ ಹಣ್ಣಿನಿಂದಲೋ ಏಪ್ರಿಕಾಟ್‌ನಿಂದಲೋ ಭಟ್ಟಿ ಇಳಿಸಿದ್ದು, ಮನೆಯಲ್ಲಿ ಮಾಡಿದ್ದಾದರೆ ಗಂಟಲು ಸುಟ್ಟುಕೊಂಡು ಇಳಿಯುತ್ತೆ. ಯಾರಾದರೂ ಅರ್ಮೇನಿಯನ್ನರು ಮೇಜಿಗೆ ಕರೆದರೆ ಒಂದು ನಿಯಮ: ಗ್ಲಾಸು ತುಂಬಿದ ಕೂಡಲೇ ಎತ್ತಿ ಕುಡಿಯುವ ಹಾಗಿಲ್ಲ. ಹಿರಿಯರೊಬ್ಬರು ‘ತಮಾದಾ’ ಆಗಿ ಮಾತಾಡುತ್ತಾರೆ. ಅಪ್ಪ ಅಮ್ಮನಿಗೆ, ಮಕ್ಕಳಿಗೆ, ಸತ್ತವರಿಗೆ, ಬಂದ ಅತಿಥಿಗೆ ಒಂದೊಂದು ಮಾತು, ಒಂದೊಂದು ಗುಟುಕು. ಕೊನೆಗೆ ಅತಿಥಿಯ ಸರದಿ ಬಂದೇ ಬರುತ್ತೆ. ಯಜಮಾನರು ಕನ್ನಡದಲ್ಲಿ ಮಾತಾಡಿದರೂ ನಡೆಯುತ್ತೆ, ಮುಗಿಸುವಾಗ ‘ಕೆನಾತ್ಸ್’ ಅಂದರಾಯಿತು.

ದುಡ್ಡಿನ ಲೆಕ್ಕ ಸುಲಭ. ಒಂದು ದಿರ್ಹಮ್‌ಗೆ ಸುಮಾರು 100 ದ್ರಾಮ್ ಅಂತ ಇಟ್ಟುಕೊಳ್ಳಿ. ಎರಡೂ ಹೆಸರಿನ ಬೇರು ಒಂದೇ, ಗ್ರೀಕರ ದ್ರಾಖ್ಮಾ. ಬಿಲ್‌ನಲ್ಲಿ ಶೇ. 10 ಸರ್ವಿಸ್ ಸೇರಿಸುವುದು ಮಾಮೂಲಿ, ನೋಡಿಕೊಂಡು ಟಿಪ್ಸ್ ಕೊಡಿ. ಒಂದೊಂದು ತಟ್ಟೆ ಇಬ್ಬರಿಗಾಗುವಷ್ಟು ಬರುತ್ತೆ, ಒಂದೇ ಸಲ ಎಲ್ಲ ಹೇಳಿಬಿಡಬೇಡಿ. ಅತ್ತೆಗೆ ಅನ್ನ, ದಾಲ್ ಬೇಕೇ ಬೇಕು ಅನಿಸಿದರೆ ಇಂಡಿಯನ್ ಹೋಟೆಲ್‌ಗಳೂ ಇವೆ. ನಮ್ಮ ದೇಶದ ಮೆಡಿಕಲ್ ವಿದ್ಯಾರ್ಥಿಗಳು ಅಲ್ಲಿ ತುಂಬ ಇದ್ದಾರೆ, ಅವರಿಗಾಗಿ ಶುರುವಾದವು. ನಾಲ್ಕನೇ ದಿನಕ್ಕೆ ಇಟ್ಟುಕೊಳ್ಳಿ, ಮೊದಲ ದಿನವೇ ಹೋಗಬೇಡಿ.

ಹೊರಗಡೆ ಗಾರ್ನಿ, ಗೆಘಾರ್ದ್ ಹೋಗೇ ಹೋಗುತ್ತೀರಿ. ಗೆಘಾರ್ದ್ ಮಠದ ದಾರಿಯಲ್ಲಿ ಹೆಂಗಸರು ತಟ್ಟೆಯಷ್ಟಗಲದ ‘ಗಾಥಾ’ ಮಾರುತ್ತಾರೆ. ಬೆಣ್ಣೆ, ಸಕ್ಕರೆ, ಹಿಟ್ಟಿನ ಹೂರಣ ಇಟ್ಟ ಸಿಹಿ ರೊಟ್ಟಿ. ಅದಕ್ಕೂ ಮೇಲೆ ಮೊಟ್ಟೆ ಸವರಿರುತ್ತಾರೆ, ಹೊಳಪು ನೋಡಿದರೇ ಗೊತ್ತಾಗುತ್ತೆ. ಹಾಗಾಗಿ ಅದು ಅತ್ತೆಗಲ್ಲ. ಸೆವಾನ್ ಸರೋವರಕ್ಕೆ ಹೋದರೆ ಯಜಮಾನರಿಗೆ ಮೀನು.

ನೀವು ಹೋಗುವ ವಾರ ಅರೇನಿ ಹಳ್ಳಿಯಲ್ಲಿ ವೈನ್ ಹಬ್ಬ ಇರುವ ಸಂಭವ ಇದೆ, ಸಾಮಾನ್ಯವಾಗಿ ಅಕ್ಟೋಬರ್‌ನ ಮೊದಲ ಶನಿವಾರ. ಯೆರೆವಾನ್‌ನಿಂದ ಎರಡು ಗಂಟೆಯ ದಾರಿ. ಹಳ್ಳಿಯವರು ಮನೆಯ ವೈನ್, ಮನೆಯ ಅಡುಗೆ ಎಲ್ಲ ಹೊರಗಿಟ್ಟಿರುತ್ತಾರೆ. ಹತ್ತಿರದ ಗುಹೆಯೊಂದರಲ್ಲಿ ಸುಮಾರು 6100 ವರ್ಷ ಹಳೆಯ ವೈನ್ ಮಾಡುವ ತೊಟ್ಟಿ ಸಿಕ್ಕಿದೆ, ಅದನ್ನೂ ನೋಡಿಕೊಂಡು ಬರಬಹುದು. ಕಾರನ್ನು ಹಿಂದಿನ ದಿನವೇ ಗೊತ್ತು ಮಾಡಿ, ಡ್ರೈವರ್ ಸಮೇತ. ಆ ರಸ್ತೆಯ ಉದ್ದಕ್ಕೂ ಮೇಜು ಹಾಕಿಕೊಂಡು ಮನೆಯ ವೈನ್ ಮಾರುತ್ತಾರೆ, ಅದೂ ಕೋಕಾ ಕೋಲಾ ಬಾಟಲಿಗಳಲ್ಲಿ. ಇರಾನ್ ಕಡೆಗೆ ಹೋಗುವ ಲಾರಿ ಡ್ರೈವರ್‌ಗಳು ಯಾರಿಗೂ ಗೊತ್ತಾಗದ ಹಾಗೆ ಒಯ್ಯಲಿ ಅಂತ ಹಾಗೆ ತುಂಬಿಸುತ್ತಾರೆ ಅನ್ನುವುದು ಅಲ್ಲಿನ ಮಾತು. ಬಣ್ಣವೂ ಕೋಲಾದ್ದೇ. ಮಗನಿಗೆ ಬಾಯಾರಿಕೆ ಆದಾಗ ಬಾಟಲಿಯನ್ನು ಮೊದಲು ಮೂಸಿ ನೋಡಿ.